ಭತ್ತದ ಬದುವಿನಲ್ಲಿ ಹೆಗ್ಗಣದ ಬಿಲ: ಹುಡುಕುವುದು, ಹಿಡಿಯುವುದು, ಮುಚ್ಚುವುದು

ಪ್ರಶ್ನೆ: ಗಂಗಾವತಿ ಹತ್ತಿರ ನಾಲ್ಕು ಎಕರೆ ಭತ್ತ ಇದೆ. ನಾಟಿ ಮಾಡಿ 45 ದಿನ ಆಯಿತು. ಇಲಿಗಳು ಬದುವಿನ ತುಂಬ ತೂತು ಕೊರೆದಿವೆ, ನೀರು ಕೆಳಗಿನ ಮಡಿಗೆ ಸೋರುತ್ತಿದೆ, ತೆಂಡೆ (ಪೈರಿನ ಬುಡದಿಂದ ಕವಲೊಡೆದ ಕಾಂಡ) ಕತ್ತರಿಸಿ ಬೀಳಿಸುತ್ತಿವೆ. ಅಂಗಡಿಯಿಂದ ಕಪ್ಪು ಪುಡಿ ತಂದು ಅನ್ನದಲ್ಲಿ ಕಲಸಿ ಇಟ್ಟೆ. ಮೊದಲ ರಾತ್ರಿ ಐದಾರು ಸತ್ತವು, ಆಮೇಲೆ ಮೂಸಿಯೂ ನೋಡಲಿಲ್ಲ. ಅಮೆರಿಕದ ರೈತರು ಗ್ರೌಂಡ್‌ಹಾಗ್ ಎಂಬ ಬಿಲದ ಪ್ರಾಣಿಯನ್ನು ಬಂದೂಕಿನಿಂದ ಹೊಡೆಯುವ ವಿಡಿಯೋ ನೋಡಿದೆ. ಏರ್ ಗನ್ ತಂದರೆ ನಡೆಯುತ್ತದೆಯೇ? ಪಕ್ಕದ ಹೊಲದವರು ಬದುವಿನ ಸುತ್ತ ತಂತಿ ಎಳೆದು ಕರೆಂಟ್ ಕೊಡು ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ತಂತಿಯ ವಿಷಯ ಮುಗಿಸೋಣ. ಎಳೆಯಬೇಡಿ. ನೀರು ನಿಂತ ಗದ್ದೆಯಲ್ಲಿ ಲೈನಿನ ಕರೆಂಟ್ ಬಿಟ್ಟರೆ ಅದಕ್ಕೆ ಇಲಿ ಯಾರು, ರಾತ್ರಿ ನೀರು ಕಟ್ಟಲು ಬಂದವರು ಯಾರು ಎಂಬ ಭೇದವಿಲ್ಲ. ಇಲಿಗೆಂದು ಕಟ್ಟಿದ ತಂತಿಗೆ ಸಿಕ್ಕಿ ಸತ್ತವರಲ್ಲಿ ಕಟ್ಟಿದ ಮನೆಯವರೇ ಎಷ್ಟೋ ಮಂದಿ. ಅದು ಕಾನೂನುಬಾಹಿರವೂ ಹೌದು. ಕಂಬದಿಂದ ಕೊಂಡಿ ಹಾಕಿ ಎಳೆದರೆ ವಿದ್ಯುತ್ ಕಳ್ಳತನದ ಕೇಸು, ಯಾರಾದರೂ ಸತ್ತರೆ ಸಾವಿನ ಕೇಸು. ಪಕ್ಕದವರು ತಾವೇ ಎಳೆಯಲು ಹೊರಟರೆ ಅವರನ್ನೂ ತಡೆಯಿರಿ, ಏಕೆಂದರೆ ಆ ಬದುವಿನ ಮೇಲೆ ಓಡಾಡುವವರು ನೀವೂ ಹೌದು.

ಬಂದೂಕು ಅಲ್ಲಿ ಕೆಲಸ ಮಾಡುತ್ತದೆ, ಇಲ್ಲಿ ಮಾಡುವುದಿಲ್ಲ. ಕಾರಣ ಎರಡೂ ಪ್ರಾಣಿಗಳ ಸ್ವಭಾವದಲ್ಲಿದೆ. ಗ್ರೌಂಡ್‌ಹಾಗ್ ಎರಡರಿಂದ ಆರು ಕಿಲೋ ತೂಗುವ ದೊಡ್ಡ ದಂಶಕ. ಹಗಲು ಹೊತ್ತಿನಲ್ಲಿ, ಬೆಳಿಗ್ಗೆ ಮತ್ತು ಇಳಿ ಹೊತ್ತಿನಲ್ಲಿ ಹೆಚ್ಚಾಗಿ, ಸೋಯಾ ಹೊಲಕ್ಕೋ ಹುಲ್ಲುಗಾವಲಿಗೋ ಮೇಯಲು ಬರುತ್ತದೆ. ಬಿಲದ ಬಾಯಲ್ಲಿ ಎದ್ದು ನಿಂತು ಸುತ್ತ ನೋಡುತ್ತದೆ. ಚಳಿಗಾಲವಿಡೀ ಬಿಲದಲ್ಲೇ ಮಲಗಿರುತ್ತದೆ, ವರ್ಷಕ್ಕೆ ಒಂದೇ ಸಲ ಮರಿ ಹಾಕುತ್ತದೆ. ಅಂಥದ್ದನ್ನು ವಸಂತದಲ್ಲಿ ಹತ್ತು ಹೊಡೆದರೆ ಆ ವರ್ಷ ಹತ್ತು ಕಡಿಮೆಯಾದಂತೆಯೇ. ನಿಮ್ಮ ಗದ್ದೆಯದು ಇನ್ನೂರರಿಂದ ಮುನ್ನೂರೈವತ್ತು ಗ್ರಾಂ ತೂಕದ ಹೆಗ್ಗಣ. ಕತ್ತಲಾದ ಮೇಲೆ ಹೊರಗೆ ಬರುತ್ತದೆ, ಪೈರಿನ ಒಳಗೇ ಓಡಾಡುತ್ತದೆ, ಹಗಲಲ್ಲಿ ಬಿಲದ ಬಾಯಿಗೆ ಒಳಗಿನಿಂದ ಮಣ್ಣು ತುರುಕಿ ಮಲಗುತ್ತದೆ. ಗರ್ಭ ಮೂರು ವಾರ ಚಿಲ್ಲರೆ, ಒಂದು ಸೂಲಿಗೆ ಐದರಿಂದ ಎಂಟು ಮರಿ, ಹೆತ್ತ ಒಂದೆರಡು ದಿನದಲ್ಲೇ ಮತ್ತೆ ಗರ್ಭ ಕಟ್ಟಬಲ್ಲದು. ಮರಿಗಳು ಸುಮಾರು ಮೂರು ತಿಂಗಳಿಗೆ ತಾವೂ ಮರಿ ಹಾಕಲು ತಯಾರು. ಏರ್ ಗನ್ನಿನ ದುಡ್ಡಿನಲ್ಲಿ ಇಡೀ ಊರಿನ ಬದುಗಳಿಗೆ ಮದ್ದು ಇಡಬಹುದು.

ಒಂದು ಸಂಗತಿ ಮಾತ್ರ ಅಲ್ಲಿಂದ ಕಲಿಯುವಂಥದ್ದು. ಗ್ರೌಂಡ್‌ಹಾಗ್ ಕಾಟ ಹೆಚ್ಚಿರುವ ಕಡೆ ಅಲ್ಲಿಯವರು ಬಂದೂಕಿನ ಜೊತೆಗೆ, ಸೋಡಿಯಂ ನೈಟ್ರೇಟ್ (ಪೆಟ್ಲುಪ್ಪಿನಂಥ ಲವಣ) ಮತ್ತು ಇದ್ದಿಲಿನ ಹೊಗೆ ಉಗುಳುವ ಕೊಳವೆ ಹಚ್ಚಿ ಬಿಲಕ್ಕೆ ತಳ್ಳಿ, ಎಲ್ಲ ಬಾಯಿಗಳನ್ನೂ ಮಣ್ಣಿನಿಂದ ಮುಚ್ಚುತ್ತಾರೆ. ನಮ್ಮಲ್ಲಿ ಹುಲ್ಲಿನ ಹೊಗೆ ಹಾಕುವುದೂ ಅದೇ ಉಪಾಯ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ನಿಮ್ಮ ಹತ್ತಿರ ಇರುವ ಸಮಯ ನೋಡಿ. ನಾಟಿಯಾಗಿ 45 ದಿನ ಎಂದರೆ, ಸೋನಾ ಮಸೂರಿಯಂಥ ದೀರ್ಘಾವಧಿ ತಳಿಯಾಗಿದ್ದರೆ ಹೊಡೆ ಕಟ್ಟಲು (ತೆನೆ ಹೊರಬರುವ ಮುನ್ನ ಕಾಂಡ ಉಬ್ಬಲು) ಇನ್ನೂ ಎರಡು ಮೂರು ವಾರ ಇದೆ. ಇದೇ ಕೆಲಸದ ಹೊತ್ತು. ಹೊಡೆ ಬಂದು ಹಾಲು ತುಂಬಲು ಶುರುವಾದರೆ ಗದ್ದೆಯೇ ಅದರ ಊಟದ ಮನೆ. ನೀವಿಡುವ ಮದ್ದಿನ ತಿಂಡಿಯನ್ನು ಆಗ ಅದು ಮುಟ್ಟುವುದು ಕಡಿಮೆ. ಮರಿ ಹಾಕುವ ಭರವೂ ಆಗಲೇ ಏರುತ್ತದೆ. ಇವತ್ತು ಬದುವಿನಲ್ಲಿರುವ ಒಂದು ಹೆಣ್ಣು ಹೆಗ್ಗಣ ಸತ್ತರೆ ಕಟಾವಿನ ಹೊತ್ತಿಗೆ ಏಳೆಂಟು ಬಾಯಿ ಕಡಿಮೆ. ಅದೇ ಹೆಣ್ಣನ್ನು ತೆನೆ ಬಾಗಿದ ಮೇಲೆ ಕೊಂದರೆ ಒಂದೇ ಬಾಯಿ ಕಡಿಮೆ.

ಕಡಿದದ್ದು ಇಲಿಯೇ ಎಂದು ಖಾತ್ರಿ ಮಾಡಿಕೊಳ್ಳಿ

ಬದುವಿನ ಮೇಲೆ ನಿಂತು ನೋಡಿದರೆ ಪೈರು ಚೆನ್ನಾಗಿಯೇ ಕಾಣುತ್ತದೆ. ಹೆಗ್ಗಣ ಅಂಚಿನ ಒಂದೆರಡು ಮೀಟರ್ ಬಿಟ್ಟು ಒಳಗೆ ಕಡಿಯುತ್ತದೆ. ಆದ್ದರಿಂದ ಮಡಿಯ ನಡುವೆ ಇಳಿದು ನೋಡಬೇಕು. ತೆಂಡೆಯನ್ನು ನೀರಿನ ಮಟ್ಟದಿಂದ ಸ್ವಲ್ಪ ಮೇಲೆ ಓರೆಯಾಗಿ, ಕತ್ತಿಯಿಂದ ಕೊಯ್ದ ಹಾಗೆ ಕಡಿದು ಅಲ್ಲೇ ಬೀಳಿಸಿದ್ದರೆ ಅದು ಇಲಿ. ಸುಳಿ ಒಣಗಿ, ಹಿಡಿದು ಎಳೆದರೆ ಕಿತ್ತು ಬಂದರೆ ಅದು ಕಾಂಡ ಕೊರೆಯುವ ಹುಳು, ಇಲಿಗೂ ಅದಕ್ಕೂ ಸಂಬಂಧವಿಲ್ಲ. ನಾಟಿಯಾದ ಮೊದಲ ಒಂದೆರಡು ವಾರದಲ್ಲಿ ಸಸಿ ಬುಡದಲ್ಲೇ ತುಂಡಾಗಿ ತೇಲಿದ್ದರೆ ಏಡಿಯ ಕೆಲಸ ಇರಬಹುದು.

ಬಿಲದಲ್ಲೂ ಇದೇ ಗೊಂದಲ. ಏಡಿಯ ಬಿಲ ನೀರಿನ ಅಂಚಿಗೆ ಅಂಟಿಕೊಂಡಿರುತ್ತದೆ, ಬಾಯಿಯ ಸುತ್ತ ಗುಳಿಗೆ ಗುಳಿಗೆಯಾಗಿ ಹಸಿ ಕೆಸರು ಇರುತ್ತದೆ, ಒಳಗೆ ನೀರು ಕಾಣುತ್ತದೆ. ಅದಕ್ಕೆ ಇಲಿ ಮದ್ದು ಹಾಕಿದರೆ ಮದ್ದೂ ದಂಡ, ನೀರೂ ಹಾಳು. ಹೆಗ್ಗಣದ ಬಿಲ ನೀರಿನ ಮಟ್ಟಕ್ಕಿಂತ ಮೇಲೆ ಇರುತ್ತದೆ. ಬಾಯಿ ಆರರಿಂದ ಎಂಟು ಸೆಂಟಿಮೀಟರ್ ಅಗಲ, ಮುಂದೆ ಪುಡಿ ಮಣ್ಣಿನ ಗುಡ್ಡೆ, ಗುಡ್ಡೆಯ ಮೇಲೆ ಹೊಸ ಮಣ್ಣು. ಹತ್ತಿರ ಕಡಿದ ತೆಂಡೆಯ ಚೂರು ಬಿದ್ದಿರಬಹುದು. ಬೆರಳು ದಪ್ಪದ ಸಣ್ಣ ಬಿಲ, ಮುಂದೆ ಚಿಕ್ಕ ಮಣ್ಣಿನ ರಾಶಿ ಇದ್ದರೆ ಅದು ಹತ್ತು ಗ್ರಾಂ ತೂಗುವ ಚಿಟ್ಟಿಲಿ. ಅದರಿಂದ ಬದು ಒಡೆಯುವುದಿಲ್ಲ. ಎರೆ ಭೂಮಿಯ ಬಿರುಕುಗಳಲ್ಲೇ ಮನೆ ಮಾಡುವ ಮೆತ್ತನೆ ಕೂದಲಿನ ಹೊಲದ ಇಲಿ ಇನ್ನೊಂದು. ಶೇಂಗಾ ಹೊಲದಲ್ಲಿ ಬಾಲದ ತುದಿಗೆ ಕಪ್ಪು ಕುಚ್ಚು ಇರುವ ಬಯಲಿನ ಇಲಿ ಸಿಗುತ್ತದೆ, ನೀರಿನ ಗದ್ದೆಗೆ ಅದು ಬರುವುದಿಲ್ಲ. ಮೂತಿ ಚೂಪಾದ, ವಾಸನೆ ಹೊಡೆಯುವ ಸೊಂಡಿಲಿ ಕಂಡರೆ ಬಿಟ್ಟುಬಿಡಿ. ಅದು ಹುಳು ತಿನ್ನುವ ಪ್ರಾಣಿ.

ಬಿಲದ ಬಾಯಿ ಒಂದು ಗೇಣಿನಷ್ಟು ಅಗಲ ಇದ್ದರೆ ಕೈ ಹಾಕಲೇಬೇಡಿ, ಹೊಗೆಯನ್ನೂ ಹಾಕಬೇಡಿ. ಅದು ಉಡ, ಮುಂಗುಸಿ, ಮುಳ್ಳುಹಂದಿ ಅಥವಾ ನರಿಯದ್ದಿರಬಹುದು, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಉಡ, ಮುಂಗುಸಿ, ನರಿ ಮೂರೂ ಇಲಿ ತಿನ್ನುವಂಥವು ಬೇರೆ. ಗದ್ದೆಯ ಸಾಮಾನ್ಯ ಇಲಿ, ಹೆಗ್ಗಣ ಹಿಡಿಯಲು ಯಾರ ಅಪ್ಪಣೆಯೂ ಬೇಡ.

ಜೀವಂತ ಬಿಲ ಯಾವುದು

ಇಡೀ ಕೆಲಸ ನಿಂತಿರುವುದು ಈ ಒಂದು ಲೆಕ್ಕದ ಮೇಲೆ. ಅರ್ಧ ಬಿಲಗಳು ಖಾಲಿ ಇರುತ್ತವೆ, ಖಾಲಿ ಬಿಲಕ್ಕೆ ಮದ್ದು ಇಟ್ಟು "ಇಲಿ ತಿನ್ನಲಿಲ್ಲ" ಎನ್ನುವವರೇ ಹೆಚ್ಚು.

ಸಂಜೆ ನಾಲ್ಕರ ನಂತರ ಬದುಗಳ ಮೇಲೆ ಸುತ್ತಿ, ತೆರೆದ ಬಾಯಿಗಳನ್ನೆಲ್ಲ ಹಸಿ ಮಣ್ಣಿನಿಂದ ಮುಚ್ಚಿ, ಪಕ್ಕದಲ್ಲಿ ಬಟ್ಟೆ ಚೂರು ಕಟ್ಟಿದ ಕಡ್ಡಿ ನೆಡಿ. ಮರುದಿನ ಬೆಳಿಗ್ಗೆ ತೆರೆದುಕೊಂಡಿರುವುದು ಜೀವಂತ ಬಿಲ. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಆದರೆ ಹೆಗ್ಗಣ ತಾನೇ ಬಾಯಿ ಮುಚ್ಚಿಕೊಂಡು ಮಲಗುವ ಪ್ರಾಣಿಯಾದ್ದರಿಂದ, ಹೊಸ ಮಣ್ಣಿನ ಗುಡ್ಡೆ ಇದ್ದೂ ಬಾಯಿ ಕಾಣದ ಬಿಲಗಳನ್ನು ಈ ಪರೀಕ್ಷೆಯಲ್ಲಿ ಬಿಟ್ಟುಬಿಡುತ್ತೀರಿ. ಅವಕ್ಕೆ ತಿರುವು ಪರೀಕ್ಷೆ ಮಾಡಬೇಕು. ಗುಡ್ಡೆ ಸರಿಸಿ, ತುರುಕಿದ ಮಣ್ಣನ್ನು ಕಡ್ಡಿಯಿಂದ ತೆಗೆದು ಬಾಯಿ ಬಿಡಿಸಿ. ಬೆಳಗಾಗುವುದರಲ್ಲಿ ಒಳಗಿನಿಂದ ಮತ್ತೆ ಮುಚ್ಚಿದ್ದರೆ ಒಳಗೆ ಇಲಿ ಇದೆ. ಬಾಯಿಗೆ ಜೇಡರ ಬಲೆ ಕಟ್ಟಿದ್ದರೆ, ಒಣ ಎಲೆ ಸೇರಿದ್ದರೆ ಇಲಿ ಇಲ್ಲ. ಆದರೆ ಹಾವು ಇರಬಹುದು. ನಾಗರ, ಕೊಳಕುಮಂಡಲ ಎರಡೂ ಹೆಗ್ಗಣದ ಹಳೆ ಬಿಲಗಳಲ್ಲೇ ಇರುತ್ತವೆ. ಬರಿಗೈ ಯಾವ ಬಿಲಕ್ಕೂ ಹೋಗಕೂಡದು, ಕಡ್ಡಿಯೇ ಹೋಗಲಿ.

ಒಂದು ಬಿಲಕ್ಕೆ ಎರಡು ಮೂರು ಬಾಯಿ ಇರುತ್ತವೆ ಎಂಬುದು ನೆನಪಿರಲಿ. ಒಂದೆರಡು ಮಾರು ದೂರದೊಳಗಿನ ಬಾಯಿಗಳು ಸಾಮಾನ್ಯವಾಗಿ ಒಂದೇ ಮನೆಯವು. ಮರಿಗಳಿರುವ ತಾಯಿಯನ್ನು ಬಿಟ್ಟರೆ ದೊಡ್ಡ ಹೆಗ್ಗಣ ಒಂದು ಬಿಲದಲ್ಲಿ ಒಂಟಿ. ಹಾಗಾಗಿ ಜೀವಂತ ಬಿಲದ ಎಣಿಕೆಯೇ ಹೆಚ್ಚುಕಡಿಮೆ ದೊಡ್ಡ ಇಲಿಗಳ ಎಣಿಕೆ.

ನಿಮ್ಮ ಕಪ್ಪು ಪುಡಿ ಯಾಕೆ ಸೋತಿತು

ಆ ಪುಡಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದಾಗ ಫಾಸ್ಫೀನ್ ಅನಿಲ ಹುಟ್ಟಿ ಇಲಿ ಸಾಯುತ್ತದೆ, ಕೆಲವೇ ಗಂಟೆಗಳಲ್ಲಿ. ವೇಗವೇ ಅದರ ಗುಣ, ವೇಗವೇ ಅದರ ದೋಷ. ಹೆಗ್ಗಣ ಹೊಸ ತಿನಿಸನ್ನು ಮೊದಲ ದಿನ ಚೂರೇ ಚೂರು ಕಚ್ಚಿ ನೋಡುತ್ತದೆ. ಆ ಚೂರಿನಲ್ಲಿ ಸಾಯುವಷ್ಟು ವಿಷ ಸಿಗದೆ ಬರೀ ಹೊಟ್ಟೆ ಕೆಟ್ಟರೆ, ಆ ರುಚಿಯನ್ನು ಎರಡು ಮೂರು ತಿಂಗಳು ಮರೆಯುವುದಿಲ್ಲ. ನೀವು ಮಾಡಿದ್ದರಲ್ಲಿ ಮೂರು ತಪ್ಪು ಒಟ್ಟಿಗೆ ಸೇರಿವೆ. ವಿಷವಿಲ್ಲದ ತಿಂಡಿ ಇಟ್ಟು ರೂಢಿ ಮಾಡಿಸಲಿಲ್ಲ. ಅನ್ನದ ಪಸೆಗೆ ಪುಡಿ ಒಳಗೊಳಗೇ ಕೆಟ್ಟು ಬೆಳ್ಳುಳ್ಳಿಯಂಥ ವಾಸನೆ ಬಿಡಲು ಶುರುಮಾಡಿತು, ಅನ್ನವೂ ರಾತ್ರಿಯೊಳಗೆ ಹಳಸಿತು. ಮತ್ತೆ ಅಳತೆಯಿಲ್ಲದೆ ಕಲಸಿದ್ದರಿಂದ ಒಂದು ಉಂಡೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಬದುಕುಳಿದವು ಈಗ ಅದನ್ನು ಗುರುತು ಹಿಡಿಯುತ್ತವೆ. ಆದ್ದರಿಂದ ಈ ಬೆಳೆ ಮುಗಿಯುವವರೆಗೆ ಆ ಪುಡಿಯನ್ನು ಮತ್ತೆ ಮುಟ್ಟಬೇಡಿ.

ಈಗ ಇಡಬೇಕಾದ್ದು ಬ್ರೋಮಾಡಿಯೋಲೋನ್. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಮದ್ದು. ತಿಂದ ಇಲಿ ಸಾಯಲು ನಾಲ್ಕರಿಂದ ಹತ್ತು ದಿನ ಹಿಡಿಯುತ್ತದೆ. ತಿಂದದ್ದಕ್ಕೂ ಸಂಕಟಕ್ಕೂ ನಡುವೆ ಅಷ್ಟು ದಿನ ಇರುವುದರಿಂದ ಅದಕ್ಕೆ ಅನುಮಾನ ಬರುವುದಿಲ್ಲ, ರೂಢಿ ಮಾಡಿಸುವ ಕೆಲಸವೂ ಬೇಡ. ಅಂಗಡಿಯಲ್ಲಿ ಎರಡು ರೂಪದಲ್ಲಿ ಸಿಗುತ್ತದೆ: 0.005 ಶೇಕಡಾ ಇರುವ ತಯಾರಿ ಬಿಲ್ಲೆ, ಮತ್ತು ಕಲಸಿಕೊಳ್ಳಲು 0.25 ಶೇಕಡಾ ಪುಡಿ. ಪುಡಿಯಾದರೆ ಒಂದು ಕಿಲೋ ಮದ್ದಿಗೆ 960 ಗ್ರಾಂ ನುಚ್ಚಕ್ಕಿ, 20 ಗ್ರಾಂ ಶೇಂಗಾ ಎಣ್ಣೆ, 20 ಗ್ರಾಂ ಪುಡಿ. ಮೊದಲು ನುಚ್ಚಿಗೆ ಎಣ್ಣೆ ಸವರಿ ಎಲ್ಲ ಕಾಳಿಗೂ ಹತ್ತಿದ ಮೇಲೆ ಪುಡಿ ಉದುರಿಸಿ ಕೋಲಿನಿಂದ ತಿರುವಿ. ಎಣ್ಣೆ ಕೊನೆಗೆ ಹಾಕಿದರೆ ಪುಡಿ ಗಂಟು ಕಟ್ಟುತ್ತದೆ. ಬಯಲಿನಲ್ಲಿ ಕಲಸಿ, ಕೈಗವಸು ಇರಲಿ, ಮೂಗು ಬಾಯಿಗೆ ಬಟ್ಟೆ ಇರಲಿ. ಕಲಸಿದ ಪಾತ್ರೆ ಮತ್ತೆ ಅಡುಗೆಗೂ ದನಕ್ಕೂ ಬೇಡ.

ಹದಿನೈದು ಗ್ರಾಂ ಲೆಕ್ಕದಲ್ಲಿ ಹಳೆ ಪತ್ರಿಕೆಯ ಪೊಟ್ಟಣ ಕಟ್ಟಿ. ನಲವತ್ತು ಜೀವಂತ ಬಿಲ ಇದ್ದರೆ 600 ಗ್ರಾಂ ಸಾಕು, ಒಂದು ಕಿಲೋ ಮಾಡಿದರೆ ಎರಡನೇ ಸುತ್ತಿಗೂ ಉಳಿಯುತ್ತದೆ. ಪೊಟ್ಟಣವನ್ನು ಬಾಯಲ್ಲಿ ಇಡಬೇಡಿ. ಕಡ್ಡಿಯಿಂದ ಒಂದು ಗೇಣು ಒಳಗೆ ತಳ್ಳಿ, ಬಾಯಿಗೆ ಸಡಿಲವಾಗಿ ಹುಲ್ಲು ತುರುಕಿ. ಮೇಲೆ ಇಟ್ಟರೆ ಹಕ್ಕಿ, ನಾಯಿ, ಮೇಯಲು ಬಿಟ್ಟ ಕೋಳಿ ತಿನ್ನುತ್ತವೆ. ಮಳೆ ಇದ್ದರೆ ನುಚ್ಚಿನ ಬದಲು ಮೇಣದ ಬಿಲ್ಲೆಯೇ ಒಳ್ಳೆಯದು, ನುಚ್ಚು ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಬಿಲ ಕಾಣದೆ ಓಡಾಟದ ದಾರಿ ಮಾತ್ರ ಕಾಣುವ ಕಡೆ, ಎರಡಡಿ ಉದ್ದದ ಹಳೆ ಪಿವಿಸಿ ಪೈಪಿನ ತುಂಡಿನೊಳಗೆ ಬಿಲ್ಲೆ ಇಟ್ಟು ಬದುವಿನ ಮೇಲೆ ಮಲಗಿಸಿ.

ಹನ್ನೆರಡನೇ ದಿನ ಮತ್ತೆ ಬಿಲ ಮುಚ್ಚಿ ಎಣಿಸಿ. ತೆರೆದವಕ್ಕೆ ಮಾತ್ರ ಎರಡನೇ ಸುತ್ತು. ಐದನೇ ದಿನಕ್ಕೇ ಬಂದು "ಸತ್ತಿಲ್ಲ" ಎಂದು ಬೇರೆ ಮದ್ದು ಸುರಿಯಬೇಡಿ. ಹೆಚ್ಚಿನವು ಬಿಲದಲ್ಲೇ ಸಾಯುತ್ತವೆ, ಹೆಣ ಕಾಣುವುದಿಲ್ಲ. ಹೊರಗೆ ಸಿಕ್ಕಿದ್ದನ್ನು ಎರಡಡಿ ಆಳಕ್ಕೆ ಹೂಳಿ. ಮದ್ದು ತಿಂದು ಸತ್ತ ಇಲಿಯನ್ನು ಗೂಬೆಯೋ ನಾಯಿಯೋ ತಿಂದರೆ ಅದಕ್ಕೂ ಅಪಾಯ.

ಜಿಂಕ್ ಫಾಸ್ಫೈಡನ್ನು ಮುಂದಿನ ಬೆಳೆಯಲ್ಲಿ ಸರಿಯಾಗಿ ಬಳಸಬಹುದು, ಇಲಿ ತುಂಬ ಹೆಚ್ಚಿದ್ದಾಗ ಅದರ ವೇಗ ಬೇಕಾಗುತ್ತದೆ. ಎರಡು ಮೂರು ದಿನ ಬರೀ 980 ಗ್ರಾಂ ನುಚ್ಚಿಗೆ 20 ಗ್ರಾಂ ಎಣ್ಣೆ ಸವರಿದ ತಿಂಡಿ ಇಡುವುದು, ಅದು ಖಾಲಿಯಾಗಲು ಶುರುವಾದ ಮೇಲೆ 960 ಗ್ರಾಂ ನುಚ್ಚು, 20 ಗ್ರಾಂ ಎಣ್ಣೆ, 20 ಗ್ರಾಂ ಪುಡಿ ಕಲಸಿ ಬಿಲಕ್ಕೆ ಹತ್ತು ಗ್ರಾಂ, ಒಂದೇ ರಾತ್ರಿ. ಮರುದಿನ ಉಳಿದದ್ದನ್ನೆಲ್ಲ ಎತ್ತಿ ಹೂಳಬೇಕು. ಅದರ ನಂತರ ಉಳಿದ ಬಿಲಗಳಿಗೆ ಬ್ರೋಮಾಡಿಯೋಲೋನ್. ಈ ಕ್ರಮ ತಿರುಗಿಸಬಾರದು.

ಜಿಂಕ್ ಫಾಸ್ಫೈಡಿಗೆ ಪ್ರತಿವಿಷ ಇಲ್ಲ. ಬ್ರೋಮಾಡಿಯೋಲೋನಿಗೆ ವಿಟಮಿನ್ ಕೆ1 ಇದೆ, ಅದನ್ನೂ ವೈದ್ಯರೇ ಕೊಡಬೇಕು. ಯಾರ ಬಾಯಿಗಾದರೂ ಹೋದರೆ ಮನೆಮದ್ದು, ವಾಂತಿ ಮಾಡಿಸುವುದು ಯಾವುದೂ ಬೇಡ. ಮದ್ದಿನ ಪ್ಯಾಕೆಟ್ ಹಿಡಿದುಕೊಂಡು ನೇರ ಆಸ್ಪತ್ರೆಗೆ. ಹಳದಿ ರಂಜಕದ ಪೇಸ್ಟು ಸಿಕ್ಕರೂ ಮನೆಗೆ ತರಬೇಡಿ, ಅದು ಮನುಷ್ಯರ ಯಕೃತ್ತನ್ನು ಹಾಳುಮಾಡುವ ವಿಷ, ಅದಕ್ಕೂ ಪ್ರತಿವಿಷ ಇಲ್ಲ. ಇನ್ನು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ, ಊರಲ್ಲಿ "ಗ್ಯಾಸ್ ಗುಳಿಗೆ" ಅನ್ನುವುದು. ಅದನ್ನು ರೈತರಿಗೆ ಬಿಡಿಯಾಗಿ ಮಾರುವಂತಿಲ್ಲ, ತರಬೇತಿ ಪಡೆದವರ ಮೇಲ್ವಿಚಾರಣೆಯಲ್ಲಷ್ಟೇ ಬಳಸಬೇಕು ಎಂಬ ನಿರ್ಬಂಧವಿದೆ. ಯಾರಾದರೂ ಸದ್ದಿಲ್ಲದೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಬೋನು

ಮದ್ದು ಇಷ್ಟವಿಲ್ಲದವರಿಗೆ, ಮದ್ದಿನ ನಂತರ ಉಳಿದವಕ್ಕೆ, ಬೋನು ಒಳ್ಳೆಯದು. ಕಾವೇರಿ ಮುಖಜಭೂಮಿಯಲ್ಲಿ ಬಿದಿರಿನ ಬಿಲ್ಲು ಬೋನು ಹಾಕುವವರು ಇದ್ದಾರೆ. ಬಿದಿರ ಸೀಳನ್ನು ಬಿಲ್ಲಿನಂತೆ ಬಗ್ಗಿಸಿ ಹುರಿ ಕಟ್ಟಿ, ತಿಂಡಿ ಕಚ್ಚಿದೊಡನೆ ಬಿಲ್ಲು ಬಿಚ್ಚಿ ಹುರಿ ಕುತ್ತಿಗೆ ಬಿಗಿಯುವ ಹಾಗೆ ಮಾಡಿರುತ್ತಾರೆ. ಸಂಜೆ ಗದ್ದೆಯೊಳಗೆ ಸಾಲಾಗಿ ಹೂಡಿ ಬೆಳಿಗ್ಗೆ ಎತ್ತುತ್ತಾರೆ, ಇಲಿಗೆ ಇಷ್ಟೆಂದು ಕೂಲಿ. ನಿಮ್ಮ ಕಡೆ ಹಾಗೆ ಮಾಡುವವರು ಸಿಗದಿದ್ದರೆ ಸಂತೆಯಲ್ಲಿ ಸಿಗುವ ಕಬ್ಬಿಣದ ಕತ್ತರಿ ಬೋನು ಸಾಕು. ಅದನ್ನು ಬಯಲಲ್ಲಿ ಇಡುವುದು ತಪ್ಪು. ಇಲಿ ಬದುವಿನ ಬುಡಕ್ಕೆ ಮೈ ತಾಗಿಸಿಕೊಂಡೇ ಓಡುತ್ತದೆ. ಅಲ್ಲಿ ಹುಲ್ಲು ತುಳಿದ ದಾರಿ, ಹಿಕ್ಕೆ, ಕೆಸರಿನ ಹೆಜ್ಜೆ ಕಾಣುತ್ತವೆ. ಬೋನನ್ನು ಬದುವಿಗೆ ಅಡ್ಡವಾಗಿ, ತಿಂಡಿ ಇರುವ ತುದಿ ಬದುವಿಗೆ ತಾಗುವ ಹಾಗೆ ಇಡಬೇಕು. ಉದ್ದಕ್ಕೆ ಇಟ್ಟರೆ ಹಿಂದಿನಿಂದ ಬಂದ ಇಲಿ ಬೋನು ಸಿಡಿಸಿ ದಾಟಿಹೋಗುತ್ತದೆ. ಮೊದಲ ಎರಡು ಮೂರು ರಾತ್ರಿ ಬೋನು ಹೂಡದೆ ಬರೀ ತಿಂಡಿ ಕಟ್ಟಿ ಇಡಿ. ಒಣಮೀನು, ಕೊಬ್ಬರಿ ಚೂರು, ಹುರಿದ ಶೇಂಗಾ ನಡೆಯುತ್ತವೆ. ಸುತ್ತಲೂ ಭತ್ತವೇ ಇರುವಾಗ ಭತ್ತ ಇಟ್ಟರೆ ಯಾವ ಇಲಿ ಬರುತ್ತದೆ? ಅಂಟು ಹಲಗೆ ಮಾತ್ರ ಗದ್ದೆಗೆ ತರಬೇಡಿ. ಕೆಸರು ಹತ್ತಿ ಅಂಟು ಹೋಗುತ್ತದೆ, ಸಿಕ್ಕಿಬೀಳುವುದು ಓತಿಕ್ಯಾತ, ಹಕ್ಕಿ.

ಪಂಜರದಲ್ಲಿ ಜೀವಂತ ಸಿಕ್ಕಿದ್ದನ್ನು ಕಾಲುವೆ ಆಚೆ ಬಿಟ್ಟು ಬರುವವರಿದ್ದಾರೆ. ಅದು ಆಚೆಯವರ ಗದ್ದೆ. ದಪ್ಪ ಗೋಣಿಚೀಲದ ಒಳಗೆ ಹಾಕಿ ತಲೆಗೆ ಒಂದೇ ಏಟಿಗೆ ಮುಗಿಸುವುದು ಇಲಿಗೂ ಕಡಿಮೆ ನರಳಾಟ.

ಹೊಗೆ ಮತ್ತು ಅಗೆತ

ಪೈರು ನಿಂತಿರುವಾಗ ಬದು ಅಗೆಯಬೇಡಿ, ಇರುವ ನೀರೂ ಹೋಗುತ್ತದೆ. ಅಗೆತದ ಕಾಲ ಬೇಸಿಗೆ ಬೆಳೆ ಕೊಯ್ದು, ಕಾಲುವೆ ನೀರು ನಿಂತು, ಮುಂಗಾರಿಗೆ ಮೊದಲಿನ ವಾರಗಳು. ಆಗ ಗದ್ದೆಯಲ್ಲಿ ಆಹಾರವಿಲ್ಲ, ಮರಿ ಕಡಿಮೆ, ಇರುವ ಇಲಿಗಳೆಲ್ಲ ಬದು, ಕಾಲುವೆ ಏರಿ, ಹುಲ್ಲಿನ ಬಣವೆಯ ಬುಡ ಇಷ್ಟರಲ್ಲೇ ಒತ್ತಾಗಿ ಇರುತ್ತವೆ. ಇಡೀ ವರ್ಷದಲ್ಲಿ ಒಂದು ದಿನದ ಕೂಲಿಗೆ ಇಷ್ಟು ಫಲ ಕೊಡುವ ಹೊತ್ತು ಬೇರೆ ಇಲ್ಲ, ಆದರೂ ಬೆಳೆ ಇಲ್ಲದಾಗ ಇಲಿಯ ಯೋಚನೆ ಯಾರಿಗೂ ಬರುವುದಿಲ್ಲ.

ಇಬ್ಬರು ಅಥವಾ ಮೂವರು ಬೇಕು. ಜೀವಂತ ಬಿಲದ ಎಲ್ಲ ಬಾಯಿ ಹುಡುಕಿ, ಒಂದನ್ನು ಬಿಟ್ಟು ಉಳಿದವನ್ನು ಕಲ್ಲು ಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿ. ತಳದಲ್ಲಿ ತೂತು ಮಾಡಿದ ಮಡಕೆಗೆ ಅರೆ ಹಸಿ ಭತ್ತದ ಹುಲ್ಲು ತುಂಬಿ ಬೆಂಕಿ ಹಚ್ಚಿ, ಮಡಕೆಯ ಬಾಯನ್ನು ಬಿಲದ ಬಾಯಿಗೆ ಒತ್ತಿ ಸುತ್ತ ಕೆಸರು ಮೆತ್ತಿ, ತೂತಿನಿಂದ ಊದಿ ಅಥವಾ ತಿದಿ ಒತ್ತಿ. ಎರಡು ನಿಮಿಷದಲ್ಲಿ ನೀವು ಕಾಣದ ಬಾಯಿಗಳಿಂದ ಹೊಗೆ ಏಳುತ್ತದೆ. ಹೊಗೆಯ ದೊಡ್ಡ ಉಪಕಾರ ಇದೇ, ಬಿಲದ ನಕ್ಷೆ ಹೊರಗೆ ಬೀಳುತ್ತದೆ. ಅವನ್ನೂ ಮುಚ್ಚಿ ಐದಾರು ನಿಮಿಷ ಊದಿ, ಆಮೇಲೆ ಅಗೆಯಿರಿ. ಎಲ್ಲೂ ಹೊಗೆ ಏಳದೆ ಮಡಕೆಗೇ ವಾಪಸು ಬಂದರೆ ಇಲಿ ಒಳಗೆ ಮಣ್ಣು ಅಡ್ಡ ಹಾಕಿಕೊಂಡಿದೆ. ಊದುತ್ತಾ ಕೂತರೆ ಪ್ರಯೋಜನವಿಲ್ಲ, ಆ ಅಡ್ಡ ಮಣ್ಣಿನವರೆಗೆ ಅಗೆದು ಅಲ್ಲಿಂದ ಹೊಗೆ ಹಾಕಿ. ಎರೆ ಮಣ್ಣಿನಲ್ಲಿ ಬೇಸಿಗೆಯ ಬಿರುಕುಗಳಲ್ಲಿ ಹೊಗೆ ಸೋರಿಹೋಗುತ್ತದೆ. ಅಲ್ಲಿ ಹೊಗೆಯನ್ನು ನಂಬದೆ ನೇರ ಅಗೆಯುವುದೇ ವಾಸಿ.

ಅಗೆಯುವಾಗ ಬಿಲದೊಳಗೆ ಬಾಗುವ ಹಸಿ ಕಡ್ಡಿ ತೂರಿಸಿ ದಿಕ್ಕು ಹಿಡಿದು, ಸಲಿಕೆಯಿಂದ ಒಂದೊಂದು ಅಡಿ ಬಿಡಿಸುತ್ತಾ ಹೋಗಿ. ಹಾರೆ ಬೀಸಿದರೆ ಮಣ್ಣು ಕುಸಿದು ದಾರಿ ತಪ್ಪುತ್ತದೆ. ಕವಲು ಬಂದಲ್ಲಿ ಹೊಸ ಸಡಿಲ ಮಣ್ಣು ತುಂಬಿದ ಕವಲೇ ಇಲಿ ಇರುವುದು. ಸಾಮಾನ್ಯವಾಗಿ ಎರಡು ಮೂರು ಅಡಿ ಆಳದೊಳಗೆ ಹುಲ್ಲು ಹಾಸಿದ ಗೂಡು, ಪಕ್ಕದಲ್ಲಿ ತೆನೆ ಕೂಡಿಟ್ಟ ಕಣಜ ಸಿಗುತ್ತದೆ. ತಪ್ಪಿಸಿಕೊಳ್ಳಲು ಇಟ್ಟುಕೊಂಡ ಬಾಯಿ ಒಂದು ಇದ್ದೇ ಇರುತ್ತದೆ. ಮೇಲೆ ತೆಳು ಮಣ್ಣಿನ ಪದರ ಮಾತ್ರ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಕೊನೆ ಗಳಿಗೆಯಲ್ಲಿ ಇಲಿ ಅದನ್ನು ಒಡೆದು ಹಾರುತ್ತದೆ. ಅದಕ್ಕೇ ಒಬ್ಬರು ಅಗೆಯದೆ ಕೋಲು ಹಿಡಿದು ಬದುವಿನ ಆಚೆ ಬದಿ ನಿಲ್ಲಬೇಕು. ಅಗೆದವರ ಗಮನವೆಲ್ಲ ಹೊಂಡದಲ್ಲಿದ್ದು ಇಲಿ ಬೆನ್ನ ಹಿಂದೆ ಓಡಿಹೋಗುವುದೇ ಹೆಚ್ಚು.

ಕಾಲುವೆಯ ಏರಿಯನ್ನು ಮಾತ್ರ ಅಗೆಯಬಾರದು, ಒಡೆದರೆ ಊರೇ ನೀರು. ಅಲ್ಲಿ ಮದ್ದು, ಬೋನು ಮಾತ್ರ, ಜೊತೆಗೆ ಬಳ್ಳಾರಿ ಜಾಲಿ ಮತ್ತು ಕಸದ ಪೊದೆ ಸವರುವುದು.

ಸೋರುವ ಬದು, ಮುಂದಿನ ಬದು

ಈಗ ಸೋರುತ್ತಿರುವ ತೂತನ್ನು ಎಲ್ಲರೂ ನೀರು ಹೊರಬರುವ ಕಡೆ ಮುಚ್ಚುತ್ತಾರೆ, ರಾತ್ರಿಯೊಳಗೆ ಒತ್ತಡಕ್ಕೆ ಮಣ್ಣು ಕಿತ್ತುಹೋಗುತ್ತದೆ. ನೀರು ಒಳಹೋಗುವ ಮೇಲಿನ ಮಡಿಯ ಬದಿಯಲ್ಲಿ ಮುಚ್ಚಬೇಕು. ಅಲ್ಲಿ ಹುಲ್ಲಿನ ಚೂರು ತೇಲಿಬಿಟ್ಟರೆ ಎಳೆದುಕೊಳ್ಳುವ ಜಾಗ ಗೊತ್ತಾಗುತ್ತದೆ. ಜಿಗುಟು ಮಣ್ಣನ್ನು ಉಂಡೆ ಮಾಡಿ ತುರುಕಿ, ಮೇಲಿನಿಂದ ಕಾಲಿನಲ್ಲಿ ತುಳಿದು ಬಿಲವನ್ನು ಕುಸಿಯುವಂತೆ ಮಾಡಿ, ಮತ್ತೆ ಮಣ್ಣು ಹಾಕಿ. ಒಳಗೆ ಇಲಿ ಬದುಕಿದ್ದರೆ ಈ ಕೆಲಸ ದಂಡ, ಮದ್ದು ಇಟ್ಟು ಹತ್ತು ದಿನ ಕಳೆದ ಮೇಲೆ ಪೂರ್ತಿ ರಿಪೇರಿ ಮಾಡಿ, ಅಲ್ಲಿಯವರೆಗೆ ಸೋರಿಕೆ ತಡೆಯುವಷ್ಟು ಸಾಕು.

ಬೇಸಿಗೆಯಲ್ಲಿ ಬದುವನ್ನೇ ಸಣ್ಣದು ಮಾಡಿ. ಅಗಲ 45 ಸೆಂಟಿಮೀಟರ್, ಎತ್ತರ 30 ಸೆಂಟಿಮೀಟರ್ ಇದ್ದರೆ ಅದರಲ್ಲಿ ಗೂಡು, ಕಣಜ, ಹಿಂಬಾಗಿಲು ಎಲ್ಲವನ್ನೂ ಕೊರೆಯಲು ಹೆಗ್ಗಣಕ್ಕೆ ಜಾಗ ಸಾಲದು. ಬೈಕ್ ಓಡಿಸುವಷ್ಟು ಅಗಲದ ಬದು ಬೇಕೇ ಬೇಕು ಅನ್ನುವುದಾದರೆ ಒಂದನ್ನು ಇಟ್ಟುಕೊಳ್ಳಿ, ಅದರ ಬಿಲಗಳನ್ನು ವಾರಕ್ಕೊಮ್ಮೆ ನೋಡಿ. ಹುಲ್ಲಿನ ಬಣವೆಯನ್ನು ಗದ್ದೆಯ ಅಂಚಿನಲ್ಲಿ ನೆಲದ ಮೇಲೆ ಒಟ್ಟಬೇಡಿ.

ಗೂಬೆ ಕೂರಲು ಟಿ ಆಕಾರದ ಕಂಬಗಳನ್ನು ಪೈರಿಗಿಂತ ಸ್ವಲ್ಪ ಎತ್ತರವಾಗಿ ಈಗಲೇ ನೆಡಬಹುದು, ಖರ್ಚು ಇಲ್ಲ. ಕಾಳು ಗಟ್ಟಿಯಾಗುವ ಹೊತ್ತಿಗೆ ಕಿತ್ತುಬಿಡಿ, ಇಲ್ಲದಿದ್ದರೆ ಹಗಲಲ್ಲಿ ಅದರ ಮೇಲೆ ಕಾಳು ತಿನ್ನುವ ಹಕ್ಕಿಗಳು ಕೂರುತ್ತವೆ. ಗೂಬೆ ಇದ್ದರೆ ಮದ್ದು ಬೇಡ ಎನ್ನುವಷ್ಟು ನಂಬಿಕೆ ಬೇಡ. ಕೇರೆ ಹಾವನ್ನು ಕೊಲ್ಲದಿರುವುದೂ ಇಷ್ಟೇ ಉಪಯೋಗ, ಕಾನೂನಿನ ಪ್ರಕಾರವೂ ಅದನ್ನು ಕೊಲ್ಲುವಂತಿಲ್ಲ. ಆಗ್ನೇಯ ಏಷ್ಯಾದಲ್ಲಿ ಪ್ಲಾಸ್ಟಿಕ್ ಬೇಲಿಯೊಳಗೆ ಸುಮಾರು ಮೂರು ವಾರ ಮುಂಚೆ ಚಿಕ್ಕ ಮಡಿ ನಾಟಿ ಮಾಡಿ, ಬೇಲಿಯ ಕಿಂಡಿಗಳಿಗೆ ಪಂಜರ ಇಟ್ಟು ಸುತ್ತಲಿನ ಇಲಿಗಳನ್ನು ಸೆಳೆದು ಹಿಡಿಯುವ ಪದ್ಧತಿ ಇದೆ. ಪ್ರತಿ ವರ್ಷ ಭಾರಿ ನಷ್ಟ ಆಗುವ, ಹತ್ತಾರು ಎಕರೆಯವರು ಖರ್ಚು ಹಂಚಿಕೊಳ್ಳುವ ಕಡೆಗೆ ಅದು ಸರಿ, ನಾಲ್ಕು ಎಕರೆಯ ಒಬ್ಬರಿಗೆ ಗಿಟ್ಟುವುದಿಲ್ಲ.

ಆದರೆ ಒಬ್ಬರೇ ಮಾಡಿದರೆ ಮದ್ದೂ ಅಷ್ಟೇ. ನಿಮ್ಮ ಬದುವಿನ ಬಿಲ ಖಾಲಿಯಾದರೆ ಕೆಲವು ವಾರಗಳಲ್ಲಿ ಪಕ್ಕದ ಗದ್ದೆಯ ಇಲಿ ಸಿದ್ಧ ಮನೆಗೆ ಬಂದು ಸೇರುತ್ತದೆ. ಒಂದೇ ಉಪಕಾಲುವೆಯ ಕೆಳಗಿನವರೆಲ್ಲ ಒಂದೇ ದಿನ ಬಿಲ ಮುಚ್ಚಿ, ಮರುದಿನ ಒಂದೇ ಹೊತ್ತಿಗೆ ಮದ್ದು ಇಡಬೇಕು. ನಾಟಿಯೂ ಹತ್ತು ಹದಿನೈದು ದಿನದ ಒಳಗೆ ಮುಗಿದರೆ ಇನ್ನೂ ಒಳ್ಳೆಯದು. ಒಬ್ಬರದು ಹೊಡೆ, ಇನ್ನೊಬ್ಬರದು ಹಾಲು, ಮತ್ತೊಬ್ಬರದು ಕಟಾವು ಎಂದಿದ್ದರೆ ಇಲಿಗೆ ನಾಲ್ಕು ತಿಂಗಳು ಊಟ. ಹತ್ತಿರ ಕಬ್ಬು ಇದ್ದರೆ ಆ ಹೊಲದವರನ್ನೂ ಸೇರಿಸಿಕೊಳ್ಳಿ, ಭತ್ತ ಕೊಯ್ದ ಮೇಲೆ ಹೆಗ್ಗಣ ಹೋಗುವುದು ಅಲ್ಲಿಗೇ. ಕರೆಂಟ್ ತಂತಿಯ ಸಲಹೆ ಕೊಟ್ಟ ನೆರೆಯವರಿಂದಲೇ ಮಾತು ಶುರುಮಾಡಬಹುದು, ಅವರ ಗದ್ದೆಯಲ್ಲೂ ಇಲಿ ಇರುವುದು ಖಾತ್ರಿ.

ಈ ಕೆಲಸಕ್ಕೆ ಇಳಿಯುವವರ ಕಾಲಿಗೆ ಗಂಬೂಟು ಇರಲಿ. ಇಲಿಯ ಉಚ್ಚೆ ಸೇರಿದ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಇಲಿ ಜ್ವರ ಬರುತ್ತದೆ. ಕಾಲು ಒಡೆದಿದ್ದರೆ, ಗಾಯ ಇದ್ದರೆ ಅದನ್ನು ಮುಚ್ಚಿಕೊಂಡೇ ಗದ್ದೆಗಿಳಿಯಿರಿ. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಬೇಡಿ, ಪ್ಲಾಸ್ಟಿಕ್ ಚೀಲವನ್ನು ಕೈಗೆ ಸುತ್ತಿಕೊಂಡು ಎತ್ತಿ. ಮುಂದಿನ ಎರಡು ಮೂರು ವಾರದಲ್ಲಿ ಜೋರು ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಗಾಗುವುದು ಕಂಡರೆ ಆಸ್ಪತ್ರೆಗೆ ಹೋಗಿ, ಗದ್ದೆಯಲ್ಲಿ ಇಲಿ ಹಿಡಿದಿದ್ದೆವು ಎಂದು ವೈದ್ಯರಿಗೆ ಮೊದಲೇ ಹೇಳಿ.